ಮೊಳೆ, ಅಟ್ಟೆ, ಮಂಜುಗಡ್ಡೆ: ಚಳಿಗಾಲದ ಕೇದಾರಕಂಠಕ್ಕೆ ಯಾವ ಬೂಟು?

ಡಿಸೆಂಬರ್ ಕೊನೆ ಬಂತೆಂದರೆ ಉತ್ತರಾಖಂಡದ ಸಾಂಕ್ರಿಯ ಬೀದಿಯಲ್ಲಿ ಕನ್ನಡವೂ ಕಿವಿಗೆ ಬೀಳತೊಡಗುತ್ತದೆ. ಡೆಹ್ರಾಡೂನಿನಿಂದ ಮಸ್ಸೂರಿ, ಪುರೋಲಾ, ಮೋರಿ ದಾಟಿ, ರೂಪಿನ್ ಮತ್ತು ಸೂಪಿನ್ ಹೊಳೆಗಳು ಕೂಡಿ ಟೋನ್ಸ್ ಆಗುವ ನೈಟ್ವಾಡವನ್ನು ಹಾದು, ಸುಮಾರು 200 ಕಿಲೋಮೀಟರ್ ಬಂದರೆ ಸಿಗುವ ಊರಿದು. ಎತ್ತರ 1,950 ಮೀಟರ್ ಆಸುಪಾಸು. ಇಲ್ಲಿಂದ ಗೋವಿಂದ ಪಶು ವಿಹಾರದ ಕಾಡಿನೊಳಗೆ ಹಾದು, ಸುಮಾರು 3,800 ಮೀಟರ್ ಎತ್ತರದ ಕೇದಾರಕಂಠದ ನೆತ್ತಿ ಮುಟ್ಟಿ ಇಳಿಯುವ ಚಾರಣ ಬೆಂಗಳೂರಿನ ಯುವಕ ಯುವತಿಯರಿಗೆ ಹಿಮದ ಮೊದಲ ಪಾಠಶಾಲೆಯಾಗಿದೆ. ತುದಿಯಲ್ಲಿ ನಿಂತರೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾನಾಗ್ ಶಿಖರಗಳು ಒಂದೇ ನೋಟಕ್ಕೆ ಸಿಗುತ್ತವೆ. ಹೊರಡುವ ಮೊದಲು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ಬೂಟು? ಅಂಗಡಿಯವರು ನೀರು ಇಳಿಯದ, ಕಣಕಾಲು ಮುಚ್ಚುವ ಬೂಟು ಎನ್ನುತ್ತಾರೆ. ಹಗುರ ನಡಿಗೆಯ ಪಂಥದವರು ಓಟದ ಶೂ ಸಾಕು ಎನ್ನುತ್ತಾರೆ. ಮೊದಲೇ ಹೋಗಿ ಬಂದವರು ತಮಗೆ ಸಿಕ್ಕ ದಾರಿಯ ಸ್ಥಿತಿಯನ್ನೇ ಎಲ್ಲರಿಗೂ ಅನ್ವಯಿಸುತ್ತಾರೆ. ಈ ಉತ್ತರಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಕಾರಣ ಇದೆ. ಪ್ರಶ್ನೆ ಬೂಟಿನಿಂದ ಶುರುವಾಗುತ್ತದೆ, ಶುರುವಾಗಬೇಕಾದದ್ದು ನೆಲದಿಂದ.

ನೆಲ ಅಲ್ಲಿ ಗಂಟೆ ಗಂಟೆಗೆ ಬೇರೆಯಾಗುತ್ತದೆ. ಸಾಂಕ್ರಿಯಿಂದ ಜೂಡಾ ಕಾ ತಾಲಾಬ್‌ವರೆಗಿನ ಮೊದಲ ದಿನದ ಏರು ಪೈನ್, ಮೇಪಲ್, ಓಕ್ ಮರಗಳ ಅಡಿಯಲ್ಲಿ ಸಾಗುತ್ತದೆ. ಬಿಸಿಲು ಬಿದ್ದ ಕಡೆ ಹದವಾದ ಮಣ್ಣು, ನೆರಳಿನ ತಿರುವಿನಲ್ಲಿ ಹೆಪ್ಪುಗಟ್ಟಿದ ಕೆಸರು, ಎಲೆಯ ಹಾಸಿನ ಕೆಳಗೆ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪದರ. ಸುಮಾರು 2,770 ಮೀಟರಿನ ಆ ಕೆರೆ ನಡು ಚಳಿಗಾಲದಲ್ಲಿ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ಹಿಮದ ರಾಜ್ಯ. ಹೊಸದಾಗಿ ಬಿದ್ದ ಹಿಮ ಹಿಟ್ಟಿನಂತೆ ಸಡಿಲ; ಕಾಲು ಹೂಳುತ್ತದೆ, ಆದರೆ ಜಾರುವುದು ಕಡಿಮೆ. ಅದೇ ಹಿಮವನ್ನು ನೂರಾರು ಜನ, ಹೇಸರಗತ್ತೆಗಳು ತುಳಿದು, ಮಧ್ಯಾಹ್ನದ ಬಿಸಿಲಿಗೆ ಮೇಲ್ಪದರ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಮರುದಿನ ಅದು ಗಾಜಿನಂಥ ಕಾಲುವೆ. ತುದಿ ಮುಟ್ಟುವವರು ಶಿಬಿರದಿಂದ ಹೊರಡುವುದು ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ, ಎಂದರೆ ಈ ಗಾಜು ಅತ್ಯಂತ ಗಟ್ಟಿಯಾಗಿರುವ ಹೊತ್ತಿಗೆ. ಹತ್ತು ಗಂಟೆಯ ಮೇಲೆ ಇಳಿಯುವಾಗ ಅದೇ ದಾರಿ ಮೆದುವಾಗಿ, ನೀರಾಡಿ, ಪಚಪಚ ಎನ್ನುತ್ತಿರುತ್ತದೆ. ಒಂದೇ ದಾರಿ, ಒಂದೇ ದಿನ, ಎರಡು ವಿರುದ್ಧ ಸ್ವಭಾವ. ಏರುವಾಗ ಬೇಕಾದದ್ದು ಕಚ್ಚುವ ಹಲ್ಲು, ಇಳಿಯುವಾಗ ಬೇಕಾದದ್ದು ನೀರು ತಡೆಯುವ ಮೈ.

ಹಿಮ ಕಡಿಮೆ ಬಿದ್ದ ವರ್ಷ ದಾರಿ ಸುಲಭ ಎಂಬ ನಂಬಿಕೆಯನ್ನೂ ಇಲ್ಲೇ ಕೈಬಿಡಬೇಕು. ಪಶ್ಚಿಮ ಹಿಮಾಲಯದ ಚಳಿಗಾಲದ ಹಿಮವನ್ನು ಮೆಡಿಟರೇನಿಯನ್ ಕಡೆಯಿಂದ ಸಾಗಿ ಬರುವ ವಾಯುಭಾರ ಕುಸಿತಗಳು ತರುತ್ತವೆ. ಅವು ಬಾರದ ವರ್ಷ ಬೆಟ್ಟ ಒಣಗುತ್ತದೆ. 2024ರ ಜನವರಿಯ ಬಹುಭಾಗ ಗುಲ್‌ಮಾರ್ಗ್‌ನಂಥ ಸ್ಕೀಯಿಂಗ್ ತಾಣವೇ ಬರಿದಾಗಿ ನಿಂತಿತ್ತು. ಅಂಥ ಚಳಿಗಾಲದಲ್ಲಿ ದಾರಿಗೆ ಅಡ್ಡ ಹರಿಯುವ ಸಣ್ಣ ತೊರೆಗಳು ಕಲ್ಲಿನ ಮೇಲೆಯೇ ಹೆಪ್ಪುಗಟ್ಟಿ, ತೆಳ್ಳಗೆ, ಪಾರದರ್ಶಕವಾಗಿ, ಬರಿಯ ಒದ್ದೆ ಕಲ್ಲಿನ ಹಾಗೆ ಕಾಣುತ್ತವೆ. ಮೇಲೆ ಹಿಮವಿದ್ದಿದ್ದರೆ ಅದೇ ಹಾಸಿಗೆಯಾಗಿ ಬೂಟಿಗೆ ಹಿಡಿತ ಕೊಡುತ್ತಿತ್ತು. ಚಾರಣಿಗರು ಮಂಡಿ, ಮೊಣಕೈ ಒಡೆದುಕೊಳ್ಳುವುದು ಇಂಥ ಜಾಗಗಳಲ್ಲಿ. ಹಿಮವಿಲ್ಲದ ಫೋಟೊ ನೋಡಿ, ಬೂಟಿನ ಮೇಲೆ ತೊಡುವ ಮೊಳೆಪಟ್ಟಿಯನ್ನು ಚೀಲದಿಂದ ತೆಗೆದಿಟ್ಟು ಹೊರಟವರು ಹೆಚ್ಚು ಅಪಾಯದಲ್ಲಿರುತ್ತಾರೆ.

ಮಂಜುಗಡ್ಡೆ ಯಾಕೆ ಜಾರುತ್ತದೆ? ಮೈಭಾರ ಒತ್ತಿದಾಗ ಗಡ್ಡೆ ಕರಗಿ ನೀರಾಗುತ್ತದೆ ಎಂಬ ವಿವರಣೆ ಬಹುಕಾಲ ಪಠ್ಯಪುಸ್ತಕಗಳಲ್ಲಿತ್ತು. ಲೆಕ್ಕ ಹಾಕಿದರೆ, ನಿಂತ ಮನುಷ್ಯನ ಒತ್ತಡ ಕರಗುವ ಬಿಂದುವನ್ನು ಡಿಗ್ರಿಯ ಅತಿ ಸಣ್ಣ ಅಂಶದಷ್ಟು ಮಾತ್ರ ಇಳಿಸಬಲ್ಲದು. ಗಡ್ಡೆಯ ಮೇಲ್ಮೈ ಸ್ವಭಾವತಃ ತೆಳು ನೀರಿನ ಪೊರೆ ಹೊದ್ದಿರುತ್ತದೆ ಎಂದು ಮೈಕೆಲ್ ಫ್ಯಾರಡೆ 1850ರಲ್ಲೇ ಸೂಚಿಸಿದ್ದ. 2018ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮತ್ತು ಮೈಂಜ್‌ನ ವಿಜ್ಞಾನಿಗಳು ಉಕ್ಕಿನ ಗೋಲಿಯನ್ನು ಗಡ್ಡೆಯ ಮೇಲೆ ಜಾರಿಸಿ ಅಳೆದಾಗ ಘರ್ಷಣೆ ಅತ್ಯಂತ ಕಡಿಮೆಯಾದದ್ದು ಮೈನಸ್ 7 ಡಿಗ್ರಿಯ ಸುತ್ತ. ಮೇಲ್ಪದರದ ಅಣುಗಳು ಸಡಿಲವಾಗಿ ಉರುಳಾಡುತ್ತವೆ, ಕೆಳಗಿನ ಗಡ್ಡೆ ಮಾತ್ರ ಇನ್ನೂ ಗಟ್ಟಿಯಾಗಿರುತ್ತದೆ. ಈ ಜೋಡಿ ಆ ಉಷ್ಣತೆಯಲ್ಲಿ ಪರಿಪೂರ್ಣ. ಇನ್ನೂ ಚಳಿಯಾದರೆ ಅಣುಗಳ ಚಲನೆ ಕುಗ್ಗಿ ಜಾರಿಕೆ ಕಡಿಮೆಯಾಗುತ್ತದೆ; ಸೊನ್ನೆಗೆ ಹತ್ತಿರವಾದರೆ ಗಡ್ಡೆಯೇ ಮೆದುವಾಗುತ್ತದೆ. ಕೇದಾರಕಂಠದ ಜನವರಿಯ ಬೆಳಗಿನ ಜಾವಕ್ಕೆ ಮೈನಸ್ 5, ಮೈನಸ್ 10 ಮಾಮೂಲು. ನಾವು ಏರಲು ಆರಿಸಿಕೊಂಡ ಗಳಿಗೆ ಮಂಜುಗಡ್ಡೆಗೂ ತನ್ನ ಅತ್ಯುತ್ತಮ ಗಳಿಗೆ. ಇದರ ಜೊತೆಗೆ ಬೂಟಿನ ಸಾಮಾನ್ಯ ರಬ್ಬರ್ ಚಳಿಗೆ ಬಿರುಸಾಗಿ, ನೆಲಕ್ಕೆ ಒಗ್ಗುವ ಗುಣ ಕಳೆದುಕೊಳ್ಳುತ್ತದೆ.

ದುಡ್ಡು ಕೊಟ್ಟರೆ ಹಿಡಿತ ಬರುತ್ತದೆ ಎನ್ನುವವರಿಗೆ ಟೊರಾಂಟೊದ ಪ್ರಯೋಗಶಾಲೆಯೊಂದರ ಉತ್ತರ ಇದೆ. ಅಲ್ಲಿ ಜನರಿಗೆ ಚಳಿಗಾಲದ ಬೂಟು ತೊಡಿಸಿ ಮಂಜುಗಡ್ಡೆಯ ನೆಲದ ಮೇಲೆ ನಡೆಸುತ್ತಾರೆ; ನೆಲವನ್ನು ಸ್ವಲ್ಪ ಸ್ವಲ್ಪವೇ ವಾಲಿಸುತ್ತಾರೆ. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪರೀಕ್ಷಿಸಿದ ನೂರರ ಸನಿಹದ ಬೂಟುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು 7 ಡಿಗ್ರಿ ವಾಲಿಕೆಯನ್ನೂ ತಾಳಲಿಲ್ಲ. ಏಳು ಡಿಗ್ರಿ ಎಂದರೆ ಪೇಟೆಯಲ್ಲಿ ಗಾಲಿಕುರ್ಚಿಗೆಂದು ಕಟ್ಟುವ ಇಳಿಜಾರಿಗಿಂತ ಸ್ವಲ್ಪ ಕಡಿದು, ಅಷ್ಟೇ. ಪಾಸಾದ ಕೆಲವೇ ಬೂಟುಗಳ ಅಟ್ಟೆಯಲ್ಲಿ ರಬ್ಬರಿನೊಳಗೆ ಗಡಸು ಎಳೆಗಳನ್ನೋ ಹರಳುಗಳನ್ನೋ ಬೆರೆಸಲಾಗಿತ್ತು. ಬೆಟ್ಟದ ಏರು ಇಪ್ಪತ್ತು, ಇಪ್ಪತ್ತೈದು ಡಿಗ್ರಿ ತಲುಪುವಲ್ಲಿ ಬರಿಯ ರಬ್ಬರ್ ಎಷ್ಟೇ ದುಬಾರಿಯಾದರೂ ಭರವಸೆಗೆ ಯೋಗ್ಯವಲ್ಲ ಎಂಬುದು ಇಲ್ಲಿಗೆ ಖಚಿತ.

ಹಿಂದಿನವರಿಗೆ ಇದು ಗೊತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಆಲ್ಪ್ಸ್‌ನಲ್ಲೂ ಹಿಮಾಲಯದಲ್ಲೂ ಪರ್ವತಾರೋಹಿಗಳ ಚರ್ಮದ ಬೂಟಿನ ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆದಿರುತ್ತಿತ್ತು. 1924ರಲ್ಲಿ ಎವರೆಸ್ಟ್ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಾಗ ಕಾಲಿನಲ್ಲಿದ್ದದ್ದು ಅಂಥದೇ ಬೂಟು. ಮೊಳೆ ಮಂಜುಗಡ್ಡೆಯನ್ನು ಕಚ್ಚುತ್ತಿತ್ತು, ಹುಲ್ಲುಜಾರಿನಲ್ಲಿ ನಿಲ್ಲುತ್ತಿತ್ತು. ಆದರೆ ಅದೇ ಕಬ್ಬಿಣ ಚಳಿಯನ್ನು ನೇರವಾಗಿ ಅಂಗಾಲಿಗೆ ಸಾಗಿಸುತ್ತಿತ್ತು. ಬಂಡೆಯ ಮೇಲೆ ಜಾರುತ್ತಿತ್ತು. ಹಾಗಾಗಿ ಬಂಡೆ ಹತ್ತುವವರು ದಪ್ಪ ಬೂಟು ಕೆಳಗೆ ಬಿಟ್ಟು, ಮೆದು ಅಟ್ಟೆಯ ಹಗುರ ಶೂ ತೊಟ್ಟು ಏರುವುದು ರೂಢಿಯಾಯಿತು. 1935ರಲ್ಲಿ ಇಟಲಿಯ ಪುಂಟಾ ರಾಸಿಕಾ ಶಿಖರದಲ್ಲಿ ಹಾಗೆ ಏರಿದ ತಂಡ ಹಿಮಬಿರುಗಾಳಿಗೆ ಸಿಕ್ಕಿತು. ಆರು ಮಂದಿ ಸತ್ತರು. ಆ ತಂಡದಲ್ಲಿದ್ದ ವಿತಾಲೆ ಬ್ರಮಾನಿ ಬಂಡೆಗೂ ಹಿಮಕ್ಕೂ ಒಂದೇ ಅಟ್ಟೆ ಸಾಲುವಂತೆ ಮಾಡಬೇಕೆಂದು ಹೊರಟು, ಟೈರ್ ತಯಾರಕ ಪಿರೆಲ್ಲಿಯ ನೆರವಿನಿಂದ 1937ರಲ್ಲಿ ಆಳ ಹಲ್ಲಿನ ರಬ್ಬರ್ ಅಟ್ಟೆಯನ್ನು ತಂದ. ಅವನ ಹೆಸರಿನ ತುಣುಕುಗಳಿಂದ ಹುಟ್ಟಿದ ವಿಬ್ರಮ್ ಎಂಬ ಹಳದಿ ಗುರುತು ಇಂದು ನಮ್ಮ ಎಷ್ಟೋ ಬೂಟುಗಳ ಅಡಿಯಲ್ಲಿದೆ. 1954ರಲ್ಲಿ ಕೆ2 ಏರಿದ ಇಟಲಿಯ ತಂಡ ಇದೇ ಅಟ್ಟೆ ತೊಟ್ಟಿತ್ತು.

ರಬ್ಬರ್ ಗೆದ್ದಿತು, ಮೊಳೆ ಹೋಯಿತು. ಬಂಡೆಗೆ, ಮಣ್ಣಿಗೆ, ಮೆದು ಹಿಮಕ್ಕೆ ಅದು ಸರಿಯಾದ ಗೆಲುವು. ಗಟ್ಟಿ ಮಂಜುಗಡ್ಡೆಯ ಮೇಲೆ ಮಾತ್ರ ನಾವು ಅಜ್ಜಂದಿರಿಗಿಂತ ಕೆಳಗಿಳಿದೆವು. ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುವ ಮೈಕ್ರೋಸ್ಪೈಕ್, ಎಂದರೆ ರಬ್ಬರ್ ಬಳೆಗೆ ಸರಪಳಿ ಪೋಣಿಸಿ ಅದಕ್ಕೆ ಸೆಂಟಿಮೀಟರ್ ಉದ್ದದ ಉಕ್ಕಿನ ಹಲ್ಲು ಕೂರಿಸಿದ ಪಟ್ಟಿ, ಆ ಹಳೆಯ ಮೊಳೆಯೇ. ಈಗ ಬೇಕಾದಾಗ ತೊಡಬಹುದು, ಬೇಡವಾದಾಗ ಕಳಚಬಹುದು. ಲೋಹ ಅಂಗಾಲಿನಿಂದ ದೂರ ಉಳಿಯುತ್ತದೆ. ಈ ಚಾರಣದ ಪಾದರಕ್ಷೆಯ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದ ವಸ್ತು ಇದು ಎಂದೇ ನನ್ನ ಅಭಿಪ್ರಾಯ. ಬೂಟಿಗೆ ಹದಿನೈದು ಸಾವಿರ ಸುರಿದು ಸ್ಪೈಕ್ ಅಲ್ಲೇ ಸಿಕ್ಕಿದ್ದು ಸಾಕು ಎನ್ನುವವರು ಲೆಕ್ಕವನ್ನು ತಲೆಕೆಳಗು ಮಾಡುತ್ತಿದ್ದಾರೆ. ಬಾಡಿಗೆಯ ಪಟ್ಟಿ ಎಷ್ಟೋ ಸಲ ಸವೆದು, ಹಲ್ಲು ಮೊಂಡಾಗಿ, ರಬ್ಬರ್ ಸಡಿಲವಾಗಿರುತ್ತದೆ. ಸಾಂಕ್ರಿಯಲ್ಲೇ ಬೂಟಿನ ಮೇಲೆ ಹಾಕಿ ನೋಡಿ, ಮೂಗಿನ ಭಾಗ ಜಾರದಿದ್ದರೆ ಮಾತ್ರ ತೆಗೆದುಕೊಳ್ಳಬೇಕು.

ಸ್ಪೈಕ್ ಇದ್ದರೆ ಎಲ್ಲವೂ ಸರಿ ಎಂದಲ್ಲ. ಮಧ್ಯಾಹ್ನದ ಒದ್ದೆ ಹಿಮ ಹಲ್ಲುಗಳ ನಡುವೆ ಮೆತ್ತಿಕೊಂಡು ಉಂಡೆಯಾಗುತ್ತದೆ. ಹಲ್ಲು ನೆಲ ಮುಟ್ಟದೆ ಕಾಲು ತೇಲುತ್ತದೆ. ಕೋಲಿನಿಂದ ಆಗಾಗ ತಟ್ಟಿ ಉದುರಿಸಬೇಕು. ಇಳಿಯುವಾಗ ಕುಳಿತು ಜಾರುವ ಆಟ ಕೇದಾರಕಂಠದಲ್ಲಿ ಬಹಳ ಜನಪ್ರಿಯ. ಸ್ಪೈಕ್ ತೊಟ್ಟು ಹಾಗೆ ಜಾರಿದರೆ ಹಲ್ಲು ಹಿಮಕ್ಕೆ ಸಿಕ್ಕಿ, ಮೈ ಮುಂದೆ ಸಾಗಿ, ಕಣಕಾಲು ಮುರಿಯುವುದು ಪರ್ವತಾರೋಹಣದಲ್ಲಿ ಎಂದಿನಿಂದಲೂ ಗೊತ್ತಿರುವ ಅಪಘಾತ. ಜಾರುವುದಾದರೆ ಕಳಚಿ ಜಾರಬೇಕು. ಕೆಳಗೆ ಮರವೋ ಬಂಡೆಯೋ ಇದ್ದರೆ ಜಾರಲೇಬಾರದು. ನಿಜವಾದ ಕ್ರಾಂಪನ್ ಬೇರೆಯ ಸಾಧನ. ಆಸ್ಕರ್ ಎಕೆನ್‌ಸ್ಟೈನ್ ರೂಪಿಸಿ, ಇಟಲಿಯ ಕೂರ್‌ಮಾಯೂರಿನ ಕಮ್ಮಾರ ಗ್ರಿವೆಲ್ 1910ರ ಆಸುಪಾಸಿನಲ್ಲಿ ಬಡಿದುಕೊಟ್ಟ ಹತ್ತು ಹಲ್ಲಿನ ಚೌಕಟ್ಟಿನ ವಂಶ ಅದು. ಅದಕ್ಕೆ ಬಾಗದ, ಗಡಸು ಅಟ್ಟೆಯ ಬೂಟೇ ಬೇಕು. ಮೆದು ಶೂಗೆ ಕಟ್ಟಿದರೆ ನಡುದಾರಿಯಲ್ಲಿ ಕಳಚಿಕೊಳ್ಳುತ್ತದೆ. ಕೇದಾರಕಂಠದ ಸಾಮಾನ್ಯ ದಾರಿಗೆ ಅದು ಬೇಡ. ಅದು ಬೇಕೆನ್ನಿಸುವಷ್ಟು ಕಡಿದಾದ ಗಡ್ಡೆ ಎದುರಾದರೆ ಹಿಮಗೊಡಲಿ, ಹಗ್ಗ, ತರಬೇತಿ ಕೂಡ ಬೇಕು, ಅವಿಲ್ಲದಿದ್ದರೆ ಹಿಂದಿರುಗಬೇಕು.

ಹಿಡಿತ ಹೀಗೆ ಬೂಟಿನ ಹೊರಗೆ ಹೋದ ಮೇಲೆ ಬೂಟಿಗೆ ಉಳಿಯುವ ಕೆಲಸ ಎರಡು: ಪಾದವನ್ನು ಒಣಗಿಡುವುದು, ಬೆಚ್ಚಗಿಡುವುದು. ಈ ಎರಡು ಒಂದಕ್ಕೊಂದು ಹೆಣೆದುಕೊಂಡಿವೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಕದಿಯುತ್ತದೆ. ಕುಮಾರ ಪರ್ವತಕ್ಕೋ ಕೊಡಚಾದ್ರಿಗೋ ಕೊಂಡ ಜಾಲರಿ ಮೈಯ ಶೂ ನಮ್ಮ ಮಳೆಗಾಲಕ್ಕೆ ಸರಿ. ನೀರು ಒಳಬಂದರೂ ಬೇಗ ಹರಿದುಹೋಗುತ್ತದೆ, ಹೊರಗೆ ಇಪ್ಪತ್ತು ಡಿಗ್ರಿ ಇರುತ್ತದೆ. ಹಿಮದಲ್ಲಿ ಅದೇ ಜಾಲರಿ ಕರಗಿದ ನೀರನ್ನು ಕುಡಿದು ಸಂಜೆಗೆ ಗಡ್ಡೆಯಾಗುತ್ತದೆ. ಇಲ್ಲಿ ನೀರು ತಡೆಯುವ ಪೊರೆ ಇರುವ ಬೂಟಿನ ಪರ ವಾದ ಗಟ್ಟಿ. ಆದರೆ ಆ ಪೊರೆಗೂ ಮಿತಿ ಇದೆ. ಹಿಮ ಒಳಸೇರುವುದು ಬಹುಪಾಲು ಮೇಲಿನ ಬಾಯಿಯಿಂದ. ಮೊಣಕಾಲಿನ ಕೆಳಗೆ ಕಟ್ಟುವ ಗೇಟರ್ ಇಲ್ಲದೆ ಪೊರೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಒಳಗಿನ ಬೆವರು ಹೊರಹೋಗುವುದೂ ನಿಧಾನ. ಏರಿನಲ್ಲಿ ಒದ್ದೆಯಾದ ಕಾಲುಚೀಲ ಶಿಬಿರದಲ್ಲಿ ಕೂತ ಮೇಲೆ ಕೊರೆಯತೊಡಗುತ್ತದೆ.

ಕಾಲುಚೀಲದ ವಿಷಯದಲ್ಲಿ ನಮ್ಮವರು ಮಾಡುವ ಒಂದು ತಪ್ಪನ್ನು ಒತ್ತಿ ಹೇಳಬೇಕು. ಚಳಿ ಎಂದು ಎರಡು ಮೂರು ಜೊತೆ ಒಂದರ ಮೇಲೊಂದು ತೊಟ್ಟು ಬೂಟಿಗೆ ಕಾಲು ತುರುಕುತ್ತಾರೆ. ಬೆಚ್ಚಗಿಡುವುದು ಬಟ್ಟೆಯ ನಡುವೆ ನಿಂತ ಗಾಳಿ, ಮತ್ತು ಅದಕ್ಕಿಂತ ಹೆಚ್ಚಾಗಿ ಬೆರಳ ತುದಿಗೆ ಹರಿಯುವ ರಕ್ತ. ಬಿಗಿದ ಬೂಟು ಎರಡನ್ನೂ ಹಿಂಡುತ್ತದೆ. ಉಣ್ಣೆಯ ಒಂದು ದಪ್ಪ ಜೊತೆ, ಬೇಕಾದರೆ ಒಳಗೆ ತೆಳುವಾದದ್ದೊಂದು, ಬೆರಳು ಆಡಿಸಲು ಜಾಗ, ಇಷ್ಟೇ. ಹಾಗಾಗಿ ಬೂಟು ಕೊಳ್ಳುವಾಗ ಆ ಕಾಲುಚೀಲ ತೊಟ್ಟೇ, ಪಾದ ಸ್ವಲ್ಪ ಊದಿರುವ ಸಂಜೆಯ ಹೊತ್ತಿಗೆ ಅಳತೆ ನೋಡಬೇಕು. ಹತ್ತಿಯದು ಬೇಡವೇ ಬೇಡ. ಅದು ನೀರು ಹಿಡಿದು ಬಿಡುವುದಿಲ್ಲ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನ ಹತ್ತಿರ ತೇವ ಹೀರಿಯೂ ಬೆಚ್ಚಗಿರುತ್ತದೆ. ಮಲಗಲು ಒಂದು ಒಣ ಜೊತೆ ಪ್ರತ್ಯೇಕ, ಅದನ್ನು ಹಗಲು ಮುಟ್ಟಬಾರದು. ಫ್ರಾಸ್ಟ್‌ಬೈಟ್ ಎಂದರೆ ಚರ್ಮದ ಅಂಗಾಂಶವೇ ಹೆಪ್ಪುಗಟ್ಟುವುದು. ಮೊದಲ ಸೂಚನೆ ನೋವಲ್ಲ, ನೋವು ನಿಂತುಹೋಗುವುದು. ಆದರೆ ಸೊನ್ನೆಗಿಂತ ಮೇಲಿದ್ದರೂ ಗಂಟೆಗಟ್ಟಲೆ ಒದ್ದೆಯಾಗಿ ತಣ್ಣಗಿದ್ದ ಪಾದ ನರಗಳಿಗೆ ಶಾಶ್ವತ ಹಾನಿ ಮಾಡಿಕೊಳ್ಳಬಲ್ಲದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರ ಕಾಲು ಹಾಳಾದದ್ದು ಹೀಗೆ. ಮರಗಟ್ಟಿದ ಕಾಲನ್ನು ಹಿಮದಿಂದ ಉಜ್ಜುವುದು, ಬೆಂಕಿಗೆ ಹಿಡಿಯುವುದು ಎರಡೂ ಅಪಾಯ. ಜೊತೆಗಾರನ ಬೆಚ್ಚಗಿನ ಹೊಟ್ಟೆಗೆ ಪಾದ ಒತ್ತಿ ಇಟ್ಟುಕೊಳ್ಳುವ ಹಳೆಯ ಉಪಾಯ ಇಂದಿಗೂ ಒಳ್ಳೆಯದು.

ಎತ್ತರದ ಬೂಟು ಕಣಕಾಲು ಉಳುಕದಂತೆ ಕಾಯುತ್ತದೆಯೇ? ಎಲ್ಲರೂ ಹೌದೆನ್ನುತ್ತಾರೆ, ಪುರಾವೆ ಅಷ್ಟು ಗಟ್ಟಿಯಿಲ್ಲ. ಬ್ಯಾಸ್ಕೆಟ್‌ಬಾಲ್ ಆಡುವ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ಶೂ, ಗಿಡ್ಡ ಶೂಗಳ ನಡುವೆ ಉಳುಕಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆಟದ ಅಂಗಣ ಬೆಟ್ಟವಲ್ಲ, ನಿಜ. ಆದರೂ ಕಾಲಿನ ಸ್ನಾಯು ಮಾಡಬೇಕಾದ ಕೆಲಸವನ್ನು ಚರ್ಮದ ಕೊಳವೆಗೆ ವಹಿಸುವುದು ಸರಿಯಲ್ಲ. ಹಗುರ ಶೂ ಪಂಥದವರ ಮುಖ್ಯ ವಾದವೂ ಸಾಚಾ: ಕಾಲಿಗೆ ಕಟ್ಟಿದ ತೂಕ ಬೆನ್ನಿನ ತೂಕಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಶಕ್ತಿ ಬೇಡುತ್ತದೆ ಎಂದು ಸೈನಿಕರ ಮೇಲಿನ ಪ್ರಯೋಗಗಳು ತೋರಿಸಿವೆ. ದಣಿದ ಕಾಲು ತಾನೇ ಜಾರುತ್ತದೆ. ಹಾಗಿದ್ದೂ ಚಳಿಗಾಲದ ಹಿಮಕ್ಕೆ ನಾನು ಎತ್ತರದ ಬೂಟನ್ನೇ ಆರಿಸುತ್ತೇನೆ. ಕಾರಣ ಉಳುಕಲ್ಲ: ಗೇಟರ್ ಕೂರಲು ಅಂಚು ಸಿಗುತ್ತದೆ, ಹಿಮ ಒಳಬರುವುದು ತಪ್ಪುತ್ತದೆ, ಸ್ವಲ್ಪ ಗಡಸಾದ ಅಟ್ಟೆಯ ಅಂಚಿನಿಂದ ಹಿಮದಲ್ಲಿ ಮೆಟ್ಟಿಲು ಒದೆಯಬಹುದು. ತೂಕ ಜೊತೆಯೊಂದಕ್ಕೆ ಒಂದೂಕಾಲು ಕಿಲೋ ಒಳಗಿದ್ದರೆ ಸಾಕು. ಎವರೆಸ್ಟ್‌ಗೆಂದು ಮಾಡಿದ ಎರಡು ಪದರದ ಬೂಟು ಇಲ್ಲಿ ಬರಿಯ ಹೊರೆ.

ಬೆಂಗಳೂರು, ಮಂಗಳೂರಿನವರು ಗಮನಿಸಬೇಕಾದ ಇನ್ನೊಂದು ಅಪಾಯ ಕಪಾಟಿನಲ್ಲಿದೆ. ಎಷ್ಟೋ ಬೂಟುಗಳ ನಡುವಿನ ಪದರ ಪಾಲಿಯುರಿಥೇನ್. ಗಾಳಿಯ ತೇವ ಸೇರಿ ಅದು ವರ್ಷಗಟ್ಟಲೆ ನಿಧಾನವಾಗಿ ಒಡೆಯುತ್ತದೆ, ಬಳಸದೆ ಇಟ್ಟರೂ. ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ಐದಾರು ವರ್ಷದ ಹಿಂದೆ ಕೊಂಡು ಡಬ್ಬದಲ್ಲಿ ಜೋಪಾನ ಮಾಡಿದ ಬೂಟು ಹೊಸತರಂತೆಯೇ ಕಾಣುತ್ತದೆ. ಎರಡನೆಯ ದಿನದ ಏರಿನಲ್ಲಿ ಅಟ್ಟೆ ಪೂರ್ತಿ ಕಿತ್ತು ಬರುತ್ತದೆ. ಹೆಬ್ಬೆರಳಿನಿಂದ ಆ ಪದರ ಒತ್ತಿ ನೋಡಿ. ಪುಡಿಯಾದರೆ, ಬಿರುಕು ಕಂಡರೆ ಹಿಮಕ್ಕೆ ಬೇಡ. ಬಾಡಿಗೆ ಬೂಟಿನಲ್ಲಿ ಇದನ್ನು ತಿಳಿಯುವುದು ಇನ್ನೂ ಕಷ್ಟ, ಸಣ್ಣ ಪಾದದ ಹೆಂಗಸರಿಗೆ ಅಲ್ಲಿ ಅಳತೆ ಸಿಗುವುದೂ ದುರ್ಲಭ. ಗೇಟರ್, ಕೋಲು ಬಾಡಿಗೆಗೆ ಪಡೆಯಿರಿ. ಬೂಟು ಮಾತ್ರ ನಿಮ್ಮದೇ ಇರಲಿ, ಊರಲ್ಲಿ ಹತ್ತಾರು ಮೈಲಿ ನಡೆದು ಪಳಗಿದ್ದಿರಲಿ. ಶಿಬಿರದ ಬೆಂಕಿಯ ಹತ್ತಿರ ಒಣಗಿಸಬೇಡಿ, ಅಂಟು ಬಿಡುತ್ತದೆ.

ಬೇರೆ ದಾರಿಗೆ ಬೇರೆ ಉತ್ತರ. ಜಂಸ್ಕಾರ್ ನದಿ ಹೆಪ್ಪುಗಟ್ಟಿದಾಗ ಅದರ ಮೇಲೆ ನಡೆಯುವ ಚಾದರ್ ಹಾದಿಯಲ್ಲಿ ಗಡ್ಡೆಯ ಮೇಲೆ ನೀರು ಉಕ್ಕಿ ನಿಲ್ಲುವುದು ಸಾಮಾನ್ಯ. ಅಲ್ಲಿ ದುಬಾರಿ ಚರ್ಮದ ಬೂಟಿಗಿಂತ ರಬ್ಬರಿನ ಗಂಬೂಟು ಮೇಲು. ನೀರು ಖಂಡಿತ ಇಳಿಯುವುದಿಲ್ಲ. ಜಂಸ್ಕಾರಿಗಳು ಪಾದವನ್ನು ಎತ್ತದೆ, ಸಣ್ಣ ಹೆಜ್ಜೆಯಲ್ಲಿ ಉಜ್ಜಿಕೊಂಡೇ ಸಾಗುತ್ತಾರೆ. ಆ ನಡಿಗೆ ಕಲಿತರೆ ಅದೂ ಒಂದು ಪಾದರಕ್ಷೆ. ಲಡಾಖಿನ ಉಣ್ಣೆಯ ಪಾಬು, ಕುಲ್ಲುವಿನ ನಾರಿನ ಪೂಲಾ ಒಣ ಚಳಿಗೆ ಹೇಳಿ ಮಾಡಿಸಿದವು; ಒದ್ದೆ ಹಿಮ ಅವುಗಳ ಶತ್ರು.

ಕ್ಯಾಲೆಂಡರ್ ನೋಡಿ ಬೂಟು ಆರಿಸುವುದು ಇನ್ನೊಂದು ಅಪಾಯ. 2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲ್ ದಾರಿಯಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೇಲೆ, ಬಹುಪಾಲು ಕರ್ನಾಟಕದವರೇ ಇದ್ದ 22 ಮಂದಿಯ ತಂಡ ಹಿಮಬಿರುಗಾಳಿಗೆ ಸಿಕ್ಕಿ 9 ಜನರನ್ನು ಕಳೆದುಕೊಂಡಿತು. ನಾವೆಲ್ಲ ಆ ದಿನಗಳನ್ನು ಮರೆಯುವಂತಿಲ್ಲ. ಅಂಥ ಗಾಳಿಯಲ್ಲಿ ಬೂಟೊಂದೇ ಯಾರನ್ನೂ ಉಳಿಸುವುದಿಲ್ಲ. ಆದರೆ ಎತ್ತರದಲ್ಲಿ ಚಳಿಗಾಲ ಯಾವ ತಿಂಗಳಲ್ಲಾದರೂ ಒಂದು ಮಧ್ಯಾಹ್ನದ ಅವಧಿಯಲ್ಲಿ ಬರಬಲ್ಲದು; ಪುಂಟಾ ರಾಸಿಕಾದಲ್ಲಿ ಆದದ್ದೂ ಅದೇ. ಬೇಸಿಗೆಯ ಚಾರಣಕ್ಕೂ ಒಣ ಕಾಲುಚೀಲ, ಗೇಟರ್, ಸ್ಪೈಕ್ ಚೀಲದ ತಳದಲ್ಲಿ ಇರಬೇಕು. ಮೂರೂ ಸೇರಿ ಒಂದು ಕಿಲೋ ಆಗುವುದಿಲ್ಲ.

ಪಾದರಕ್ಷೆಯ ಚರ್ಚೆಯಲ್ಲಿ ಯಾವಾಗಲೂ ಹೊರಗುಳಿಯುವವರು ಇದ್ದಾರೆ. ನಮಗಿಂತ ಮುಂಚೆ ಎದ್ದು ಹಿಮ ಕರಗಿಸಿ ಚಹಾ ಕೊಡುವ ಅಡುಗೆಯವರು, ಹೇಸರಗತ್ತೆ ಹೊಡೆಯುವವರು, ಗುಡಾರ ಹೊರುವವರು. ಅವರ ಕಾಲಲ್ಲಿ ಕ್ಯಾನ್ವಾಸ್ ಶೂ, ತೆಳು ಗಂಬೂಟು, ಕೆಲವೊಮ್ಮೆ ಚಾರಣಿಗರು ಬಿಟ್ಟುಹೋದ ಅಳತೆಯಿಲ್ಲದ ಬೂಟು. ಅಭ್ಯಾಸವಿದೆ ಅವರಿಗೆ ಎಂದು ಹೇಳಿ ಮುಂದೆ ಹೋಗುವುದು ಸುಲಭ. ಅಭ್ಯಾಸದಿಂದ ನಡಿಗೆ ಪಳಗುತ್ತದೆ, ಬೆರಳು ಹೆಪ್ಪುಗಟ್ಟುವುದು ತಪ್ಪುವುದಿಲ್ಲ. 1997ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪೋರ್ಟರ್ ಪ್ರೊಟೆಕ್ಷನ್ ಗ್ರೂಪ್ ತನ್ನ ಮಾರ್ಗಸೂಚಿಯಲ್ಲಿ ಹೊರೆಯಾಳುಗಳಿಗೆ ಋತುವಿಗೂ ಎತ್ತರಕ್ಕೂ ತಕ್ಕ ಉಡುಪು ಕೊಡಬೇಕೆಂದು ಹೇಳುತ್ತದೆ. ಹಿಮದಲ್ಲಾದರೆ ಚರ್ಮದ ಬೂಟು ಎಂದು ಬಿಡಿಸಿಯೇ ಬರೆದಿದೆ. ಕೇದಾರಕಂಠಕ್ಕೆ ಹಣ ಕಟ್ಟುವ ಮೊದಲು ಸಂಘಟಕರನ್ನು ಕೇಳಬಹುದಾದ ನೇರ ಪ್ರಶ್ನೆ ಇದು: ನಿಮ್ಮ ಕೆಲಸಗಾರರಿಗೆ ಬೂಟು, ಗೇಟರ್, ಸ್ಪೈಕ್ ನೀವೇ ಕೊಡುತ್ತೀರಾ, ಎಷ್ಟು ವರ್ಷಕ್ಕೊಮ್ಮೆ ಬದಲಿಸುತ್ತೀರಾ? ಉತ್ತರ ಹೌದಾದರೆ ಶುಲ್ಕ ಸಾವಿರ ರೂಪಾಯಿ ಹೆಚ್ಚಿದ್ದರೂ ಅವರೊಂದಿಗೇ ಹೋಗಿ. ಉತ್ತರ ತೊದಲಿದರೆ ಇನ್ನೊಬ್ಬರನ್ನು ಕೇಳಿ.